ಸಾಂಕ್ರಾಮಿಕದ ನಡುವೆ ಓಶ್‌ಕೋಶ್: ಹೋಗದೇ ಉಳಿದದ್ದು ಪುಕ್ಕಲುತನವಾ?

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ. ಹವ್ಯಾಸಕ್ಕೆ ಸಣ್ಣ ವಿಮಾನ ಹಾರಿಸುತ್ತೇನೆ. 2021ರ ಜುಲೈನಲ್ಲಿ ವಿಸ್ಕಾನ್ಸಿನ್‌ನ ಓಶ್‌ಕೋಶ್‌ನಲ್ಲಿ ನಡೆಯುವ ಏರ್‌ವೆಂಚರ್ ಎಂಬ ವಿಮಾನ ಮೇಳಕ್ಕೆ ಮೂವರು ಗೆಳೆಯರನ್ನು ಕೂರಿಸಿಕೊಂಡು ನನ್ನ ನಾಲ್ಕು ಸೀಟಿನ ವಿಮಾನದಲ್ಲಿ ಹೋಗುವುದೆಂದು ಮಾತಾಗಿತ್ತು. ಆಗ ನನಗೆ 52. ಸಕ್ಕರೆ ಕಾಯಿಲೆ ಇದೆ. ಎರಡೂ ಡೋಸ್ ಲಸಿಕೆ ಆಗಿತ್ತು. ಮನೆಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ಮಾವ ಇದ್ದರು. ಹೊರಡುವ ವಾರದಲ್ಲಿ ನಾನು ಬೇಡ ಎಂದೆ. ಒಬ್ಬ ಗೆಳೆಯ ಬೇರೆಯವರ ವಿಮಾನ ಹಿಡಿದು ಹೋದ, ವಾರವಿಡೀ ಇದ್ದ, ಆರಾಮಾಗಿ ವಾಪಸ್ ಬಂದ. 'ಸುಮ್ನೆ ಹೆದರಿಕೊಂಡು ಕೂತೆ' ಅಂತ ಇವತ್ತಿಗೂ ರೇಗಿಸುತ್ತಾನೆ. ನಾನು ಮಾಡಿದ್ದು ಸರಿಯಾ? ಮುಂದೆ ಇಂಥದ್ದೇ ಕಾಯಿಲೆ ಬಂದರೆ ಹೇಗೆ ತೀರ್ಮಾನ ಮಾಡಬೇಕು?

ಉತ್ತರ: ಮೊದಲು ನಿಮ್ಮ ಗೆಳೆಯರ ವಾದವನ್ನೇ ನೋಡೋಣ. ಅವರು ಹೋದರು, ಏನೂ ಆಗಲಿಲ್ಲ, ಆದ್ದರಿಂದ ಹೋಗಿದ್ದು ಸರಿ. ಇದೇ ವಾದವನ್ನು ಹಾರಾಟದ ಬಗ್ಗೆ ಹೇಳಿದ್ದರೆ ನೀವಿಬ್ಬರೂ ನಗುತ್ತಿದ್ದಿರಿ. ಕಣ್ಣಿಗೆ ಕಂಡಂತೆ ಹಾರಿಸಲು ಮಾತ್ರ ಪರವಾನಗಿ ಇರುವ ಪೈಲಟ್ ಮೋಡದೊಳಗೆ ನುಗ್ಗಿ, ಹೇಗೋ ಆಚೆ ಬದಿಯಲ್ಲಿ ಹೊರಬಂದ ಅಂದುಕೊಳ್ಳಿ. ಅವನ ತೀರ್ಮಾನ ಸರಿಯಿತ್ತು ಅಂತ ಯಾವ ಇನ್‌ಸ್ಟ್ರಕ್ಟರ್ ಕೂಡ ಹೇಳುವುದಿಲ್ಲ. ಅದೃಷ್ಟ ಚೆನ್ನಾಗಿತ್ತು ಅಂತಾರೆ, ಅಷ್ಟೇ. ಹೊರಡುವ ಮೊದಲು ಕೈಯಲ್ಲಿದ್ದ ಮಾಹಿತಿ ಏನು, ಅದನ್ನು ಇಟ್ಟುಕೊಂಡು ಏನು ಮಾಡಿದ ಅನ್ನುವುದರ ಮೇಲೆ ತೀರ್ಮಾನವನ್ನು ಅಳೆಯಬೇಕು.

ಹಾಗಾದರೆ ಆ ವಾರ ನಿಮ್ಮ ಕೈಯಲ್ಲಿ ಏನಿತ್ತು, ಅದರ ಹಿಂದೆಯೇ ಏನು ಬಂತು?

2020ರ ಏರ್‌ವೆಂಚರ್ ರದ್ದಾಗಿತ್ತು. ಆ ವರ್ಷ ಇಂಗ್ಲೆಂಡಿನ ಫಾರ್ನ್‌ಬರೋ ಏರ್‌ಶೋ ಇಲ್ಲ. 2021ಕ್ಕೆ ಪ್ಯಾರಿಸ್ ಏರ್‌ಶೋ ಕೂಡ ಇಲ್ಲ. ಎರಡು ವರ್ಷ ಹಸಿದಿದ್ದ ಜನ 2021ರ ಜುಲೈ 26ರಿಂದ ಆಗಸ್ಟ್ 1ರವರೆಗೆ ಓಶ್‌ಕೋಶ್‌ಗೆ ನುಗ್ಗಿದರು. ಸಂಘಟಕರ ಲೆಕ್ಕದಲ್ಲಿ ಸುಮಾರು 6 ಲಕ್ಷ 8 ಸಾವಿರ ಮಂದಿ, ಹತ್ತು ಸಾವಿರಕ್ಕೂ ಜಾಸ್ತಿ ವಿಮಾನ. ಹೊರದೇಶದವರು ಹೆಚ್ಚು ಬರಲಾಗದಿದ್ದರೂ ಇಷ್ಟು! ಊರಿನ ಜನಸಂಖ್ಯೆ 67 ಸಾವಿರದ ಆಸುಪಾಸು.

ಟಿಕೆಟ್, ಕ್ಯಾಂಪ್ ಜಾಗ ಎಲ್ಲ ಗೊತ್ತು ಮಾಡಿಕೊಳ್ಳುವ ಹೊತ್ತಿಗೆ ವಾತಾವರಣ ಹಗುರವಾಗಿತ್ತು. ಮೇ 13ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಲಸಿಕೆ ಪೂರ್ತಿಯಾದವರಿಗೆ ಹೆಚ್ಚಿನ ಕಡೆ ಮಾಸ್ಕ್ ಬೇಡ ಅಂದಿತ್ತು. ಜೂನ್ ಕೊನೆಯಲ್ಲಿ ಇಡೀ ದೇಶದಲ್ಲಿ ದಿನಕ್ಕೆ ಹನ್ನೆರಡು ಸಾವಿರದ ಆಸುಪಾಸು ಹೊಸ ಸೋಂಕು. ಆಮೇಲೆ ಕೋವಿಡ್‌ನ ಡೆಲ್ಟಾ ತಳಿ ಏರಿತು. ಜುಲೈ ಮುಗಿಯುವಾಗ ಆ ಸಂಖ್ಯೆ ಐದು ಪಟ್ಟಿಗೂ ಜಾಸ್ತಿಯಾಗಿತ್ತು. ಜುಲೈ 27ಕ್ಕೆ, ಅಂದರೆ ಏರ್‌ವೆಂಚರ್‌ನ ಎರಡನೇ ದಿನ, ಸಿಡಿಸಿ ಮಾತು ಬದಲಿಸಿತು: ಸೋಂಕು ಜಾಸ್ತಿ ಇರುವ ಕಡೆ ಲಸಿಕೆ ಆದವರೂ ಒಳಾಂಗಣದಲ್ಲಿ ಮಾಸ್ಕ್ ಹಾಕಿ. ಜುಲೈ 30ಕ್ಕೆ ಪ್ರಾವಿನ್ಸ್‌ಟೌನ್ ವರದಿ ಬಂತು. ಮ್ಯಾಸಚೂಸೆಟ್ಸ್‌ನ ಆ ಕಡಲತೀರದ ಊರಲ್ಲಿ ಜುಲೈ ತಿಂಗಳ ಜನಜಂಗುಳಿಯಿಂದ ಆ ರಾಜ್ಯದವರಲ್ಲೇ 469 ಸೋಂಕು ಪತ್ತೆಯಾಗಿತ್ತು. ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂವರಿಗೆ ಲಸಿಕೆ ಪೂರ್ತಿಯಾಗಿತ್ತು. ಸಾವು ಒಂದೂ ಇರಲಿಲ್ಲ. ಆಸ್ಪತ್ರೆ ಸೇರಿದವರು ಐವರು ಮಾತ್ರ.

ಈ ವರದಿಯನ್ನು ಎರಡು ರೀತಿ ಓದಬಹುದು. ನಿಮ್ಮ ಗೆಳೆಯರು ಓದುವುದು ಹೀಗೆ: ನೋಡಿ, ಲಸಿಕೆ ಆದವರು ಸಾಯಲಿಲ್ಲ. ಅದು ನಿಜ, ದೊಡ್ಡ ಸಮಾಧಾನ. ನಾನು ಓದುವುದು ಹೀಗೆ: ಲಸಿಕೆ ಆದವರೂ ಸೋಂಕು ಹೊತ್ತುಕೊಂಡು ಮನೆಗೆ ಹೋಗಬಹುದು. ಒಬ್ಬಂಟಿಯಾಗಿ ಇರುವವರಿಗೆ ಮೊದಲ ಓದು ಸಾಕು. ನಿಮ್ಮ ಮನೆಗೆ ಎರಡನೆಯದು ಬೇಕು.

ಕಸಿ ಆದವರು ಆ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ದಿನಾ ತೆಗೆದುಕೊಳ್ಳುತ್ತಾರೆ. ಅದೇ ಮಾತ್ರೆ ಲಸಿಕೆಯ ಕೆಲಸವನ್ನೂ ತಗ್ಗಿಸುತ್ತದೆ. 2021ರ ಮೇ ತಿಂಗಳಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಾಂಗ ಕಸಿ ಆದವರಲ್ಲಿ ಎರಡು ಡೋಸ್ ನಂತರವೂ ಪ್ರತಿಕಾಯ (ಆಂಟಿಬಾಡಿ) ಕಂಡದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರಲ್ಲಿ ಮಾತ್ರ. ಇಂಥವರಿಗೆ ಮೂರನೇ ಡೋಸ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಆಗಸ್ಟ್ 12ಕ್ಕೆ. ಏರ್‌ವೆಂಚರ್ ಮುಗಿದು ಹನ್ನೊಂದು ದಿನದ ಮೇಲೆ. ಅಂದರೆ ನೀವು ತೀರ್ಮಾನ ಮಾಡಿದ ವಾರ ನಿಮ್ಮ ಮಾವ ಎರಡು ಡೋಸ್ ಹಾಕಿಸಿಕೊಂಡೂ ಹೆಚ್ಚುಕಡಿಮೆ ಬರಿಗೈಯಲ್ಲಿ ಇದ್ದಿರಬಹುದು, ಅದನ್ನು ಸರಿಪಡಿಸುವ ದಾರಿಯೂ ಆಗ ತೆರೆದಿರಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ನೀವು ಮಾಡಿದ್ದು ಸರಿ. ಆದರೆ ಮಾವ ನಿಮ್ಮ ಜೊತೆ ಇಲ್ಲದಿದ್ದರೆ, 52 ವಯಸ್ಸಿನ, ಲಸಿಕೆ ಆದ, ಸಕ್ಕರೆ ಹಿಡಿತದಲ್ಲಿರುವ ಮನುಷ್ಯನಿಗೆ ನಾನು 'ಹೋಗಿ ಬನ್ನಿ, ಆದರೆ ಹೀಗೆ ಹೋಗಿ' ಅಂತಲೇ ಹೇಳುತ್ತಿದ್ದೆ. ಸಕ್ಕರೆ ಏರಿಳಿಯುತ್ತಿದ್ದರೆ ಮಾತು ಬೇರೆ.

ಇಲ್ಲಿ ಪೈಲಟ್‌ಗಳು ಎಡವುವ ಒಂದು ಜಾಗ ಇದೆ. ನೀವೆಲ್ಲ ಅಪಾಯದ ಜೊತೆ ಬದುಕಿ ಅಭ್ಯಾಸ ಇರುವವರು. ಅಮೆರಿಕದ ಖಾಸಗಿ ಸಣ್ಣ ವಿಮಾನಗಳಲ್ಲಿ ಒಂದು ಲಕ್ಷ ಗಂಟೆ ಹಾರಾಟಕ್ಕೆ ಸುಮಾರು ಒಂದು ಸಾವಿನ ಅಪಘಾತ ಆಗುತ್ತದೆ. ಹೋಗಿ ಬರಲು ಹತ್ತು ಗಂಟೆ ಹಾರಿದರೆ ಹತ್ತು ಸಾವಿರದಲ್ಲಿ ಒಂದು. ಇದನ್ನು ಗೊತ್ತಿದ್ದೂ ಒಪ್ಪಿಕೊಂಡೇ ನೀವು ಹಾರುತ್ತೀರಿ. 'ಅದಕ್ಕೇ ಹೆದರದವನು ಇದಕ್ಕೆ ಹೆದರಲಾ?' ಅನ್ನುವ ಮಾತು ಹ್ಯಾಂಗರ್‌ಗಳಲ್ಲಿ ತುಂಬಾ ಕೇಳಿದ್ದೇನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದೇ ತಪ್ಪು. ಹಾರಾಟದ ಅಪಾಯದ ಬಹುಪಾಲು ವಿಮಾನ ಹತ್ತಿದವರದ್ದು. ಸೋಂಕಿನ ಅಪಾಯ ವಿಮಾನ ಇಳಿದ ಮೇಲೆ ಮನೆಗೆ ನಡೆದು ಬರುತ್ತದೆ. ಓಶ್‌ಕೋಶ್ ಅಂದರೆ ಮನೆಯಲ್ಲೇ ಕಟ್ಟಿದ ವಿಮಾನಗಳ ಜಾತ್ರೆ ಅಲ್ವಾ? ಅಂಥ ವಿಮಾನದ ಕಾಕ್‌ಪಿಟ್‌ನಲ್ಲಿ ಒಂದು ಫಲಕ ಇರಲೇಬೇಕು ಅಂತ ಅಮೆರಿಕದ ಕಾನೂನು: ಇದು ಹವ್ಯಾಸಿಗಳು ಕಟ್ಟಿದ್ದು, ಸಾಮಾನ್ಯ ವಿಮಾನದ ಸುರಕ್ಷತಾ ನಿಯಮಗಳಿಗೆ ಹೊಂದುವುದಿಲ್ಲ. ಪಕ್ಕದಲ್ಲಿ ಕೂರುವವರು ಓದಿ, ಒಪ್ಪಿ ಕೂರಲಿ ಅಂತ. ನಿಮ್ಮ ಮಾವ ಅಂಥ ಯಾವ ಫಲಕವನ್ನೂ ಓದಿರಲಿಲ್ಲ. ಅವರಿಗೆ ಸೀಟೂ ಇರಲಿಲ್ಲ, ಏರ್‌ಶೋ ನೋಡುವ ಸಂತೋಷವೂ ಇರಲಿಲ್ಲ. ಅಪಾಯದಲ್ಲಿ ಮಾತ್ರ ಪಾಲು.

ಸಂಖ್ಯೆಯಲ್ಲೂ ನೋಡಿ. ಲಸಿಕೆ ಬರುವ ಮೊದಲಿನ, 2020ರ ಅಂದಾಜಿನಲ್ಲಿ, 55ರ ವಯಸ್ಸಿನವರು ಸಾವಿರ ಜನಕ್ಕೆ ಸೋಂಕಾದರೆ ಸುಮಾರು ನಾಲ್ವರು ಸಾಯುತ್ತಿದ್ದರು. 75ರವರಲ್ಲಿ ಸುಮಾರು 46. ಕಸಿ ಆದವರು ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋದರೆ ಸುಮಾರು ಐವರಲ್ಲಿ ಒಬ್ಬರು. ಲಸಿಕೆ ಇವುಗಳನ್ನೆಲ್ಲ ಬಹಳ ಇಳಿಸಿತು, ಆದರೆ ಲಸಿಕೆ ಹಿಡಿಯದವರಲ್ಲಿ ಅಷ್ಟು ಇಳಿಯಲಿಲ್ಲ.

2020ರ ಆಗಸ್ಟ್‌ನಲ್ಲಿ ದಕ್ಷಿಣ ಡಕೋಟಾದ ಸ್ಟರ್ಜಿಸ್‌ನಲ್ಲಿ ದೊಡ್ಡ ಮೋಟಾರ್‌ಸೈಕಲ್ ಮೇಳ ನಡೆಯಿತು. ಸುಮಾರು 4.6 ಲಕ್ಷ ಜನ. ಅದೂ ಬಯಲಿನ ಮೇಳವೇ, ಏರ್‌ವೆಂಚರ್ ಥರಾನೇ. ಪಕ್ಕದ ಮಿನೆಸೋಟ ರಾಜ್ಯದ ಆರೋಗ್ಯ ಇಲಾಖೆ ತನ್ನ ಜನರನ್ನು ಹಿಂಬಾಲಿಸಿ ನೋಡಿದಾಗ ಮೇಳಕ್ಕೆ ತಳುಕು ಹಾಕಿದ 86 ಸೋಂಕು ಸಿಕ್ಕಿತು, ಒಬ್ಬರು ತೀರಿಕೊಂಡರು. ಅವರೆಲ್ಲ ಮೇಳಕ್ಕೆ ಹೋದವರಲ್ಲ. ಹೋಗಿ ಬಂದವರ ಮನೆಯವರು, ಜೊತೆಯಲ್ಲಿ ಕೆಲಸ ಮಾಡುವವರೂ ಇದ್ದರು. ಪತ್ತೆಯಾಗಿದ್ದು ಇಷ್ಟು. ಬಂದವರಲ್ಲಿ ಎಷ್ಟೋ ಜನ ಎಲ್ಲಿ ಹೋಗಿದ್ದೆವು, ಯಾರ ಜೊತೆ ಇದ್ದೆವು ಅಂತ ಹೇಳುವುದೇ ಇಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಮುಂದೆ ಬಂದರೆ?

ಹೊಸ ಕಾಯಿಲೆಯ ಮೊದಲ ತಿಂಗಳುಗಳಲ್ಲಿ ಲೆಕ್ಕಾಚಾರವೇ ಬೇಡ, ಹೋಗಬೇಡಿ. ಆಗ ಯಾರಿಗೂ ಏನೂ ಸರಿಯಾಗಿ ಗೊತ್ತಿರುವುದಿಲ್ಲ. ಮುಖ್ಯವಾಗಿ ತಿಳಿಯಬೇಕಾದ್ದು ಒಂದೇ: ಲಕ್ಷಣ ಕಾಣಿಸುವ ಮೊದಲೇ ಇದು ಹರಡುತ್ತದಾ? 2003ರ ಸಾರ್ಸ್ ಹೆಚ್ಚಾಗಿ ಲಕ್ಷಣ ಕಂಡ ಮೇಲೆ ಹರಡುತ್ತಿತ್ತು. ಅದಕ್ಕೇ ಜ್ವರ ಬಂದವರನ್ನು ಬೇರೆ ಇಟ್ಟು ಅದನ್ನು ನಿಲ್ಲಿಸಲು ಆಯಿತು. ಕೋವಿಡ್ ಲಕ್ಷಣಕ್ಕೆ ಒಂದೆರಡು ದಿನ ಮೊದಲೇ ಹರಡುತ್ತಿತ್ತು. ಅಂಥ ಕಾಯಿಲೆಗೆ ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಬರೀ ನಾಟಕ. ಸಂಘಟಕರು ಅದೊಂದನ್ನೇ ತೋರಿಸಿ 'ಎಲ್ಲ ಸುರಕ್ಷಿತ' ಅಂದರೆ, ಅವರಿಗೆ ವಿಷಯ ಗೊತ್ತಿಲ್ಲ ಅಂತ ತಿಳಿಯಿರಿ.

ಸಂಘಟಕರು ಮೇಳ ನಡೆಸುತ್ತಾರಾ ಇಲ್ಲವಾ ಅನ್ನುವುದನ್ನು ನಿಮ್ಮ ಉತ್ತರ ಅಂತ ಅಂದುಕೊಳ್ಳಬೇಡಿ. 2020ರ ಫೆಬ್ರವರಿಯಲ್ಲಿ ಸಿಂಗಪುರ ಏರ್‌ಶೋ ನಡೆಯಿತು. ಆದರೆ ಲಾಕ್‌ಹೀಡ್ ಮಾರ್ಟಿನ್ ಸೇರಿ ಎಷ್ಟೋ ಕಂಪನಿಗಳು ತಾವಾಗಿಯೇ ಹಿಂದೆ ಸರಿದವು. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಆಯಿತು. ಐದು ದಿನದ ಬದಲು ಮೂರೇ ದಿನ, ಒಳಗೆ ಬಿಡಲು ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಬೇಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ದುಬೈ ಏರ್‌ಶೋ ಜನರನ್ನು ಕರೆದೇ ನಡೆಯಿತು. ಒಬ್ಬೊಬ್ಬರ ಲೆಕ್ಕ ಒಂದೊಂದು. ಅವರ ಲೆಕ್ಕದಲ್ಲಿ ನಿಮ್ಮ ಮಾವ ಇಲ್ಲ.

ಗೊತ್ತಿರುವ ಕಾಯಿಲೆ, ಲಸಿಕೆ ಇದೆ, ಮೇಳ ನಡೆಯುತ್ತಿದೆ ಅಂದಾಗ ಜನ ಮೊದಲು ಕೇಳುವುದು 'ಎಷ್ಟು ಜನ ಸೇರುತ್ತಾರೆ?' ಅಂತ. ಒಂದು ಮಿತಿ ದಾಟಿದ ಮೇಲೆ ಅದರಿಂದ ಉಪಯೋಗ ಇಲ್ಲ. ಐನೂರರಲ್ಲಿ ಒಬ್ಬರಿಗೆ ಸೋಂಕು ಇದೆ ಅಂದುಕೊಳ್ಳಿ. ನೂರು ಜನ ಸೇರಿದರೆ ಅವರಲ್ಲಿ ಒಬ್ಬರಾದರೂ ಸೋಂಕಿತರು ಇರುವ ಸಾಧ್ಯತೆ ನೂರಕ್ಕೆ 18. ಸಾವಿರ ಜನ ಸೇರಿದರೆ ನೂರಕ್ಕೆ 86. ಲಕ್ಷ ಜನ ಸೇರಿದರೆ ಇನ್ನೂರು ಜನ ಇದ್ದೇ ಇರುತ್ತಾರೆ. ಓಶ್‌ಕೋಶ್‌ನಂಥ ಕಡೆ ಸೋಂಕಿತರು ಇದ್ದಾರಾ ಅಂತ ಕೇಳಬೇಡಿ. ಯಾರ ಉಸಿರನ್ನು, ಎಲ್ಲಿ, ಎಷ್ಟು ಹೊತ್ತು ಹಂಚಿಕೊಳ್ಳುತ್ತೀರಿ ಅಂತ ಕೇಳಿ.

ಬಯಲು ತುಂಬಾ ಒಳ್ಳೆಯದು, ಇದರಲ್ಲಿ ಅನುಮಾನ ಇಲ್ಲ. 2020ರ ಆರಂಭದಲ್ಲಿ ಚೀನಾದಲ್ಲಿ ಮೂವರಿಗೋ ಅದಕ್ಕಿಂತ ಹೆಚ್ಚು ಜನಕ್ಕೋ ತಗುಲಿದ 318 ಸೋಂಕಿನ ಗುಂಪುಗಳನ್ನು ಪರಿಶೀಲಿಸಿದಾಗ ಬಯಲಲ್ಲಿ ಆದದ್ದು ಒಂದೂ ಇರಲಿಲ್ಲ. ಅದರ ಎದುರಿಗೆ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್‌ನಲ್ಲಿ 2020ರ ಮಾರ್ಚ್ 10ರಂದು ನಡೆದ ಹಾಡಿನ ಅಭ್ಯಾಸ ಇಡಿ. ಒಂದು ಕೋಣೆ, ಎರಡೂವರೆ ಗಂಟೆ, 61 ಜನ. ಖಚಿತವಾದದ್ದು, ಸಂಶಯದ್ದು ಸೇರಿ 53 ಜನಕ್ಕೆ ಕಾಯಿಲೆ, ಇಬ್ಬರ ಸಾವು. ಆರು ಲಕ್ಷ ಜನರ ಬಯಲಿಗಿಂತ ಅರವತ್ತು ಜನರ ಕೋಣೆ ಕೆಟ್ಟದ್ದಾಗಬಹುದು.

ಏರ್‌ವೆಂಚರ್ ಬಯಲಿನ ಮೇಳ ಅನ್ನುವುದು ಅರ್ಧ ಸತ್ಯ. ಹಾರಾಟ ನೋಡುವುದು ಬಯಲಲ್ಲಿ. ವಿಮಾನಗಳ ಸಾಲಲ್ಲಿ ಅಡ್ಡಾಡುವುದು ಬಯಲಲ್ಲಿ. ಆದರೆ ಒಂದು ದಿನ ಏನೇನು ಮಾಡುತ್ತೀರಿ ಅಂತ ಗಂಟೆಗಂಟೆಗೆ ಬರೆದು ನೋಡಿ. ಬೆಳಿಗ್ಗೆ ಶಟಲ್ ಬಸ್ಸು. ನಾಲ್ಕು ದೊಡ್ಡ ಮಾರಾಟ ಹ್ಯಾಂಗರ್‌ಗಳಲ್ಲಿ ಹೊಸ ರೇಡಿಯೊ, ಹೆಡ್‌ಸೆಟ್ ನೋಡುತ್ತಾ ಎರಡು ಗಂಟೆ. ಮಧ್ಯಾಹ್ನ ಬಿಸಿಲು ಜಾಸ್ತಿ ಅಂತ ಮ್ಯೂಸಿಯಮ್ ಒಳಗೆ. ಹಳೇ ಬಾಂಬರ್ ವಿಮಾನದ ಹೊಟ್ಟೆಯೊಳಗೆ ಸಾಲಾಗಿ ತೂರಿ ಹೋಗುವುದು. ರಾತ್ರಿ ಹಾಸ್ಟೆಲ್ ಕೋಣೆ, ಇಲ್ಲವೇ ಯಾರದೋ ಆರ್‌ವಿ, ಅಂದರೆ ಮನೆಯಂಥ ದೊಡ್ಡ ವ್ಯಾನಿನೊಳಗೆ ಹರಟೆ. ಲೆಕ್ಕ ಹಾಕಿದರೆ ನಾಲ್ಕೈದು ಗಂಟೆ ಒಳಾಂಗಣವೇ ಆಗುತ್ತದೆ.

ಏರ್‌ಶೋಗಳಿಗೇ ವಿಶೇಷವಾದ ಒಂದು ಸಂಗತಿ ಯಾರೂ ಗಮನಿಸುವುದಿಲ್ಲ: ಸದ್ದು. ಜೆಟ್ ಒಂದು ತಲೆ ಮೇಲೆ ಹೋಗುತ್ತಿರುವಾಗ, ಕಿವಿಗೆ ಪ್ಲಗ್ ಹಾಕಿಕೊಂಡಿರುವಾಗ, ಪಕ್ಕದವರ ಜೊತೆ ಹೇಗೆ ಮಾತಾಡುತ್ತೀರಿ? ಕಿವಿಗೆ ಬಾಯಿಟ್ಟು ಕೂಗುತ್ತೀರಿ. ಜೋರಾಗಿ ಮಾತಾಡಿದಷ್ಟೂ ಉಸಿರಿನ ಹನಿಗಳು ಜಾಸ್ತಿ ಬರುತ್ತವೆ. ಬಯಲಿನ ಗಾಳಿ ಆರಡಿ ದೂರದಲ್ಲಿ ಕೊಡುವ ರಕ್ಷಣೆಯನ್ನು ಆರು ಇಂಚಿನಲ್ಲಿ ಕೊಡುವುದಿಲ್ಲ. ಹಾರಾಟ ನಡೆಯುವಾಗ ಸುಮ್ಮನೆ ನೋಡಿ. ಮಾತು ಆಮೇಲೆ.

ಇನ್ನೊಂದು ಹವಾಮಾನ. ಜುಲೈನಲ್ಲಿ ವಿಸ್ಕಾನ್ಸಿನ್‌ನಲ್ಲಿ ಗುಡುಗು ಮಳೆ ಸಾಮಾನ್ಯ. ರೆಕ್ಕೆ ಕೆಳಗೆ ಟೆಂಟ್ ಹಾಕಿದವರೆಲ್ಲ ಸಿಕ್ಕ ಕಟ್ಟಡಕ್ಕೆ ಓಡುತ್ತಾರೆ. ಓಡಲೇಬೇಕು, ಸಿಡಿಲಿನ ಜೊತೆ ವಾದ ಮಾಡುವಂತಿಲ್ಲ. ಅಷ್ಟು ಹೊತ್ತು ನಿಮ್ಮ ಬಯಲಿನ ಯೋಜನೆ ಕಿಕ್ಕಿರಿದ ಕೋಣೆಯ ಯೋಜನೆ ಆಗಿಬಿಡುತ್ತದೆ. ಅದಕ್ಕೆ ಎನ್95 ಮಾಸ್ಕ್ ಟೆಂಟಿನಲ್ಲಿ ಬ್ಯಾಗಿನ ತಳದಲ್ಲಿ ಇದ್ದರೆ ಪ್ರಯೋಜನ ಇಲ್ಲ, ಜೇಬಿನಲ್ಲಿರಬೇಕು. ಬಟ್ಟೆ ಮಾಸ್ಕ್ ಬೇಡ. ಗಾಳಿಯ ಗುಣ ತಿಳಿಯಲು ಚಿಕ್ಕ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ. ಹೊರಗೆ ಅದು 420ರ ಆಸುಪಾಸು ತೋರಿಸುತ್ತದೆ. ಒಳಗೆ 800ರ ಒಳಗಿದ್ದರೆ ಗಾಳಿ ಓಡಾಡುತ್ತಿದೆ. 1,500 ದಾಟಿದರೆ ಬೇರೆಯವರು ಬಿಟ್ಟ ಉಸಿರನ್ನೇ ನೀವು ಎಳೆದುಕೊಳ್ಳುತ್ತಿದ್ದೀರಿ, ಹೊರಗೆ ಬನ್ನಿ. ಪೈಲಟ್‌ಗಳಿಗೆ ಮೀಟರ್ ನೋಡಿ ನಂಬುವ ಅಭ್ಯಾಸ ಇರುವುದರಿಂದ ಇದು ನಿಮಗೆ ಒಗ್ಗುತ್ತದೆ.

ನಿಮ್ಮ ವಿಮಾನದ ಬಗ್ಗೆ ನೀವು ಕೇಳಲೇ ಇಲ್ಲ. ನನಗೆ ಜಾಸ್ತಿ ಚಿಂತೆ ಆಗುವುದು ಅಲ್ಲೇ.

ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಾಲ್ಕೈದು ಗಂಟೆ ಕೂರುವ ಡಬ್ಬಿ ಅದು. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಗಾಳಿ ಗಂಟೆಗೆ ಇಪ್ಪತ್ತು ಮೂವತ್ತು ಸಲ ಬದಲಾಗುತ್ತದೆ, ಮರುಬಳಕೆಯ ಗಾಳಿ ತೀರಾ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಬರುತ್ತದೆ. ನಿಮ್ಮದರಲ್ಲಿ ಫಿಲ್ಟರ್ ಇಲ್ಲ, ಹೊರಗಿನ ಗಾಳಿ ಬರುವ ವೆಂಟ್ ಇದೆ. ಹಾರುವಾಗ ಅದನ್ನು ಪೂರ್ತಿ ತೆರೆದಿಡಿ. ನೆಲದ ಮೇಲೆ ವಿಮಾನ ಓಡಿಸುತ್ತಾ ಸಾಲಿನಲ್ಲಿ ಕಾಯುವಾಗ ಕಿಟಕಿ ತೆಗೆಯಬಹುದಾದರೆ ತೆಗೆದಿಡಿ. ಇಷ್ಟಾದರೂ ನಾಲ್ವರಲ್ಲಿ ಒಬ್ಬರಿಗೆ ಸೋಂಕು ಇದ್ದರೆ ಉಳಿದವರು ತಪ್ಪಿಸಿಕೊಳ್ಳುವುದು ಕಷ್ಟ. ಅದಕ್ಕೇ ಹೊರಡುವ ದಿನ ಬೆಳಿಗ್ಗೆ ನಾಲ್ವರೂ ಆಂಟಿಜೆನ್ ಪರೀಕ್ಷೆ ಮಾಡಿಕೊಳ್ಳಬೇಕು. ಮೂರು ದಿನ ಹಿಂದಿನ ಪರೀಕ್ಷೆ ಮೂರು ದಿನ ಹಿಂದಿನ ಹವಾಮಾನ ವರದಿಯಷ್ಟೇ ಕೆಲಸಕ್ಕೆ ಬರುತ್ತದೆ.

ಕೈ ಪಳಗಿದೆಯಾ ಅನ್ನುವುದು ಅದರಷ್ಟೇ ದೊಡ್ಡ ವಿಷಯ. ಸಾಂಕ್ರಾಮಿಕದ ಕಾಲದಲ್ಲಿ ಎಷ್ಟೋ ಹವ್ಯಾಸಿಗಳು ತಿಂಗಳುಗಟ್ಟಲೆ ಹಾರಲಿಲ್ಲ. ಜನರನ್ನು ಕೂರಿಸಿಕೊಳ್ಳಲು 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಸಾಕು ಅಂತ ನಿಯಮ ಹೇಳುತ್ತದೆ. ಓಶ್‌ಕೋಶ್‌ಗೆ ಅದು ಎಲ್ಲಿ ಸಾಲುತ್ತದೆ? ಹತ್ತಿರದ ರಿಪನ್ ಎಂಬ ಊರಿನಿಂದ ಫಿಸ್ಕ್ ಎಂಬ ಊರಿನವರೆಗೆ ರೈಲು ಹಳಿ ಹಿಡಿದು, 1,800 ಅಡಿಯಲ್ಲಿ, 90 ನಾಟ್ ವೇಗದಲ್ಲಿ, ಮುಂದಿನ ವಿಮಾನಕ್ಕೆ ಅರ್ಧ ಮೈಲಿ ಅಂತರ ಇಟ್ಟು ಸಾಲಾಗಿ ಬರಬೇಕು. ರೇಡಿಯೊದಲ್ಲಿ ಮಾತಾಡದೆ ರೆಕ್ಕೆ ಅಲ್ಲಾಡಿಸಿ ಉತ್ತರ ಕೊಡಬೇಕು. ಆಮೇಲೆ ರನ್‌ವೇ ಮೇಲೆ ಹೇಳಿದ ಬಣ್ಣದ ಚುಕ್ಕೆಗೆ ಇಳಿಸಬೇಕು. ಆ ವಾರ ಅದು ಜಗತ್ತಿನಲ್ಲೇ ಅತಿ ಗಡಿಬಿಡಿಯ ಕಂಟ್ರೋಲ್ ಟವರ್. ಲಸಿಕೆ ಆದ, ಗಟ್ಟಿಮುಟ್ಟಾದ ಪೈಲಟ್‌ಗೆ ವೈರಸ್‌ಗಿಂತ ತುಕ್ಕು ಹಿಡಿದ ಕೈಯೇ ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ. ಎರಡು ತಿಂಗಳು ಮೊದಲೇ ಇನ್‌ಸ್ಟ್ರಕ್ಟರ್ ಜೊತೆ ಹಾರಲು ಆಗದಿದ್ದರೆ ಕಾರಿನಲ್ಲಿ ಹೋಗಿ. ಕಾರಿನಲ್ಲಿ ಹೋದವರಿಗೂ ಅದೇ ಏರ್‌ಶೋ ಕಾಣುತ್ತದೆ.

ನಾಲ್ಕನೇ ದಿನ ನಿಮಗೆ ಗಂಟಲು ನೋವು ಶುರುವಾಯಿತು ಅಂದುಕೊಳ್ಳಿ. ವಿಮಾನ ನಿಮ್ಮದು, ಪೈಲಟ್ ನೀವೊಬ್ಬರೇ. ಮೂವರಿಗೆ ಸೋಮವಾರ ಕೆಲಸ ಇದೆ. ಹಾರಿಸಲು ತೊಂದರೆ ಆಗುವಂಥ ಕಾಯಿಲೆ ಇದೆ ಅಂತ ಗೊತ್ತಿದ್ದೂ ವಿಮಾನ ನಡೆಸುವಂತಿಲ್ಲ, ಅದು ಅಮೆರಿಕದ ನಿಯಮ. ಆಗಿನ ಲೆಕ್ಕದಲ್ಲಿ ಸೋಂಕಾದರೆ ಹತ್ತು ದಿನ ಬೇರೆ ಇರಬೇಕಿತ್ತು. ಆದರೆ ಆ ಹೊತ್ತಿಗೆ ಮನಸ್ಸು ಹೇಳುವುದು ಬೇರೆ: 'ಬರೀ ಅಲರ್ಜಿ. ಒಂದು ಮಾತ್ರೆ ನುಂಗಿ ಹೊರಡೋಣ.' ಆ ಮಾತ್ರೆ ಬೆನಾಡ್ರಿಲ್ ಆದರೆ ಇನ್ನೂ ಕೆಟ್ಟದ್ದು. ಅದರಲ್ಲಿರುವ ಡೈಫೆನ್‌ಹೈಡ್ರಮಿನ್ ತೂಕಡಿಕೆ ತರುತ್ತದೆ. ತೆಗೆದುಕೊಂಡ ಮೇಲೆ 60 ಗಂಟೆ ಹಾರಬಾರದು ಅಂತ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಹೇಳುತ್ತದೆ. ಅಪಘಾತದಲ್ಲಿ ಸತ್ತ ಪೈಲಟ್‌ಗಳ ರಕ್ತ ಪರೀಕ್ಷೆಯಲ್ಲಿ ಅತಿ ಹೆಚ್ಚು ಸಿಗುವ ಮಂಪರಿನ ಔಷಧ ಅದೇ. ಮೂಗು ಕಟ್ಟಿರುವಾಗ ಇಳಿಯುತ್ತಾ ಬಂದರೆ ಕಿವಿಯ ತಮಟೆ ಹರಿಯಬಹುದು. ಕೋವಿಡ್‌ನಲ್ಲಿ ವಾಸನೆ ಹೋದರೆ ಪೈಲಟ್‌ಗೆ ಅದು ಊಟದ ರುಚಿಯ ವಿಷಯ ಮಾತ್ರ ಅಲ್ಲ. ಇಂಧನ ಸೋರಿದ್ದು, ವೈರ್ ಸುಟ್ಟದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದು ಮೂಗಿಗೆ.

ಇದಕ್ಕೆಲ್ಲ ಮದ್ದು ನೀವು ಈಗಾಗಲೇ ಕಲಿತಿರುವ ವಿದ್ಯೆಯೇ. ಮೋಡದ ಎತ್ತರ ಇಷ್ಟಕ್ಕಿಂತ ಕೆಳಗಿದ್ದರೆ, ಅಡ್ಡಗಾಳಿ ಇಷ್ಟಕ್ಕಿಂತ ಜಾಸ್ತಿ ಇದ್ದರೆ ಹೊರಡುವುದಿಲ್ಲ ಅಂತ ಮನೆಯಲ್ಲಿ, ತಣ್ಣಗೆ ಕೂತು ಬರೆದಿಟ್ಟಿರುತ್ತೀರಿ ತಾನೇ? ರನ್‌ವೇ ತುದಿಯಲ್ಲಿ ನಿಂತು ಯೋಚಿಸಿದರೆ ಬುದ್ಧಿ ಓಡುವುದಿಲ್ಲ, ಆಸೆ ಓಡುತ್ತದೆ ಅಂತ ಗೊತ್ತಿರುವುದರಿಂದ. ಸೋಂಕಿಗೂ ಹಾಗೇ ಬರೆಯಿರಿ. ನಿಮ್ಮ ಮನೆಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: ಮನೆಯಲ್ಲಿ ಲಸಿಕೆ ಹಿಡಿಯದವರು ಇದ್ದು, ವಾಪಸ್ ಬಂದ ಮೇಲೆ ಒಂದು ವಾರ ಬೇರೆ ಇರಲು ಜಾಗ ಇಲ್ಲದಿದ್ದರೆ ಹೋಗುವುದಿಲ್ಲ. ಹೊರಡಲು ಹತ್ತು ದಿನ ಇರುವಾಗ ಸೋಂಕು ವಾರದಿಂದ ವಾರಕ್ಕೆ ದುಪ್ಪಟ್ಟಾಗುತ್ತಿದ್ದರೆ ಹೋಗುವುದಿಲ್ಲ. ಇವತ್ತಿನ ಸಂಖ್ಯೆ ಚಿಕ್ಕದಾಗಿದ್ದರೂ ಸರಿ, ಏಕೆಂದರೆ ನೀವು ಇರುವುದು ಇವತ್ತಿನ ಸಂಖ್ಯೆಯಲ್ಲಿ ಅಲ್ಲ, ಹತ್ತು ದಿನದ ಆಚೆಯ ಸಂಖ್ಯೆಯಲ್ಲಿ. ಈಗ ಚರಂಡಿ ನೀರಿನ ಪರೀಕ್ಷೆಯ ಅಂಕಿಗಳು ಸಿಗುತ್ತವೆ. ಜನ ಪರೀಕ್ಷೆಗೆ ಹೋಗಲಿ ಬಿಡಲಿ ಅವು ಏರಿಳಿತ ತೋರಿಸುತ್ತವೆ, ಅವನ್ನು ನೋಡಿ. ಆ ಊರಿನ ಆಸ್ಪತ್ರೆ ತುಂಬಿದೆ ಅಂತ ಸುದ್ದಿ ಬಂದರೂ ಹೋಗುವುದಿಲ್ಲ. ಕಾಲು ಮುರಿದರೂ ನೋಡುವವರು ಇರುವುದಿಲ್ಲ.

ಹೋಗುವುದು, ಬಿಡುವುದು ಎರಡೇ ದಾರಿ ಅಲ್ಲ. ವಾರದ ಬದಲು ಎರಡು ದಿನ ಹೋಗಬಹುದು. ಹಾಸ್ಟೆಲ್ ಬಿಟ್ಟು ಸ್ವಂತ ಟೆಂಟ್‌ನಲ್ಲಿ ಇರಬಹುದು. ಹ್ಯಾಂಗರ್‌ಗಳಿಗೆ ಬಾಗಿಲು ತೆಗೆದ ಕೂಡಲೇ, ಜನ ಸೇರುವ ಮೊದಲು ಹೋಗಿ ಬರಬಹುದು. ಹಾರಾಟ ನೋಡಿ, ವಿಮಾನಗಳ ಸಾಲು ಸುತ್ತಿ ಬಂದರೆ ಓಶ್‌ಕೋಶ್‌ನ ಸುಖದ ಮುಕ್ಕಾಲು ಪಾಲು ಸಿಕ್ಕಂತೆಯೇ, ನನ್ನ ಮಟ್ಟಿಗೆ.

ಎಲ್ಲಕ್ಕಿಂತ ಕಷ್ಟ ಅರ್ಧ ದಾರಿಯಲ್ಲಿ ನಿಲ್ಲಿಸುವುದು. 2021ರಲ್ಲಿ ಎರಡನೇ ದಿನವೇ ಸಿಡಿಸಿ ಮಾತು ಬದಲಿಸಿತಲ್ಲ, ಅಲ್ಲಿದ್ದ ಆರು ಲಕ್ಷ ಜನರಲ್ಲಿ ಎಷ್ಟು ಮಂದಿ ಅವತ್ತು ಯೋಜನೆ ಬದಲಿಸಿದರೋ! ಹಣ ಕೊಟ್ಟಾಗಿದೆ, ಟೆಂಟ್ ಹಾಕಾಗಿದೆ, ಬುಧವಾರದ ರಾತ್ರಿ ಏರ್‌ಶೋ ಬಾಕಿ ಇದೆ. ಇಲ್ಲಿ ನಿಮ್ಮೊಬ್ಬರ ಗಟ್ಟಿ ಮನಸ್ಸು ಸಾಲದು, ಜೊತೆಗಾರರ ಒಪ್ಪಿಗೆ ಬೇಕು. ಹಾಗಾಗಿ ಮುಂದಿನ ಸಲ ಸೀಟು ಕೊಡುವ ಮೊದಲು ಮೂವರನ್ನೂ ಕೂರಿಸಿ ಮೂರು ವಿಷಯ ಮಾತಾಡಿ. ಒಬ್ಬರ ಪರೀಕ್ಷೆ ಪಾಸಿಟಿವ್ ಬಂದರೆ ಯಾರೂ ಹೊರಡುವುದಿಲ್ಲ, ಆ ಹಣ ನಾಲ್ವರದ್ದೂ ಹೋಗುತ್ತದೆ. ಅಲ್ಲಿ ನಿಮಗೆ ಹುಷಾರು ತಪ್ಪಿದರೆ ವಿಮಾನ ಅಲ್ಲೇ ಕಟ್ಟಿ ಹಾಕಿ ಉಳಿಯುತ್ತದೆ. ನಿಮ್ಮ ಹತ್ತಿರ ಒಂದು ವಾರ ಇದ್ದವರೂ ಯಾರದೋ ವಿಮಾನ, ಬಸ್ಸು ಹತ್ತುವಂತಿಲ್ಲ, ಪರೀಕ್ಷೆ ಮಾಡಿಕೊಂಡು, ಮಾಸ್ಕ್ ಹಾಕಿ, ಬಾಡಿಗೆ ಕಾರಿನಲ್ಲಿ ಕಿಟಕಿ ತೆಗೆದು ಬರಬೇಕು. ವಾಪಸ್ ಬಂದ ಮೇಲೆ ಮೂರರಿಂದ ಐದನೇ ದಿನದೊಳಗೆ ಮತ್ತೆ ಪರೀಕ್ಷೆ, ಒಂದು ವಾರ ಮುಗಿಯುವವರೆಗೆ ಮಾವನ ಕೋಣೆಗೆ ಕಾಲಿಡುವಂತಿಲ್ಲ. ಈ ಮೂರಕ್ಕೂ ಹೂಂ ಅಂದವರಿಗೆ ಸೀಟು. ಇನ್ನೂ ರೇಗಿಸುವ ಆ ಗೆಳೆಯರನ್ನೇ ಮೊದಲು ಕೇಳಿ ನೋಡಿ.